ಅಳತೆಗೆ ನಿಂತವನು

ಹಳೆಯ ವಸ್ತ್ರದಲ್ಲಿ ಸುತ್ತಿ, ಜೀಪಿನ ಹಿಂದಿನ ಸೀಟಿನಲ್ಲಿ
ನೆಂಟರ ಮಗುವಿನ ಹಾಗೆ ಕೂರಿಸಿಕೊಂಡು ಬಂದಳು ದೇಚಕ್ಕ.
ಯಾವುದೋ ದೊರೆ ಬರೆದದ್ದಂತೆ, ನೀರುಬಣ್ಣ.
ತೋಟದ ಬಂಗಲೆ ಹರಾಜಾದಾಗ
ಒಂದು ಡಜನು ಸೂಪು ಬಟ್ಟಲಿನ ಜೊತೆ ಸಿಕ್ಕಿತಂತೆ.
‘ಹನ್ನೆರಡು ಹದಿನಾರಕ್ಕೆ ಫ್ರೇಮು ಹಾಕು,
ಹೋಮ್‌ಸ್ಟೇಯಲ್ಲಿ ಎರಡು ಕಿಟಕಿಯ ನಡುವೆ ಅಷ್ಟೇ ಜಾಗ.
ಅಂಚು ಹೋದರೆ ಹೋಗಲಿ.
ಆಕಾಶದ ಆ ಕಲೆ ಇದೆಯಲ್ಲ, ಅದನ್ನೂ ತೆಗೆದುಬಿಡು.’

ವಿರಾಜಪೇಟೆಯಲ್ಲಿ ದೀಪ ಹತ್ತಿದ ಮೇಲೆ
ಷಟರು ಅರ್ಧ ಇಳಿಸಿ ಹಳೆಯ ಚೌಕಟ್ಟು ಬಿಚ್ಚಿದೆ.
ಮೊಳೆಗಳು ಹಣ್ಣೆಲೆಯ ಹಾಗೆ ತಾವೇ ಕಳಚಿದವು.

ಬಂಡೆ.
ಬಂಡೆಯೊಳಗೇ ಕೊರೆದ ಗುಡಿ. ಮೂರು ಕಂಬ,
ನಾಲ್ಕನೆಯದರ ಬುಡ ಮಾತ್ರ, ಬಿದ್ದ ಹಲ್ಲಿನ ಕುಳಿ.
ಜರಿಗಿಡ ತೂಗುವ ಹುಬ್ಬಿನ ಕೆಳಗೆ ಬಾಗಿಲು,
ಬಾಗಿಲೊಳಗೆ ಬರೀ ಕಪ್ಪು.
ಬೂಟು ಬಿಚ್ಚಲೊಪ್ಪದವನಿಗೆ
ದೇವರು ಕಂಡದ್ದು ಅಷ್ಟೇ.

ಮೂಲೆಯಲ್ಲಿ ಸೀಸದ ಕಡ್ಡಿಯಲ್ಲಿ ಊರಿನ ಹೆಸರು,
ಕಿವಿಗೆ ಬಿದ್ದ ಹಾಗೆ ಗೀಚಿದ್ದು:
ಕಲ್ಲುಮೊಟ್ಟೆಯೋ ಕೊಳಮೊಟ್ಟೆಯೋ ಕಾಳಿಮೊಟ್ಟೆಯೋ.
ಕೊಡಗಿನಲ್ಲಿ ಗುಡ್ಡಕ್ಕೊಂದು ಮೊಟ್ಟೆ, ಎಲ್ಲಿ ಅಂತ ಹುಡುಕುವುದು?
ಇಸವಿ ಸಾವಿರದ ಎಂಟುನೂರ ಐವತ್ತೋ, ಐವತ್ತಾರೋ,
ಕೊನೆಯ ಅಂಕೆಯ ತಲೆ ಅಳಿಸಿದೆ.

ಅಂಗಳದಲ್ಲಿ ಸಾಲಾಗಿ ಗುಂಡುಕಲ್ಲುಗಳು.
ಕಲ್ಲಲ್ಲ ದೊರೆ, ನಾಯಿಗಳು!
ಅಯ್ಯಪ್ಪನಿಗೆ ಹರಕೆ ಒಪ್ಪಿಸಿದ ಮಣ್ಣಿನ ನಾಯಿಗಳು,
ಕಿವಿ ಮುರಿದವು, ಬಾಲವಿಲ್ಲದವು, ಹೊಟ್ಟೆಗೆ ಪಾಚಿ ಹತ್ತಿದವು.
ನೀನು ಅವಕ್ಕೆ ಕಾಲು ಬಿಡಿಸಲಿಲ್ಲ.
ಬೇಟೆಗೆ ಹೊರಟ ದೇವರು ಕೂಗಿದರೆ
ಹೇಗೆ ಓಡುತ್ತವೆ ಈಗ?

ಆಕಾಶದ ಕಲೆಗೆ ಹತ್ತಿ ಒತ್ತಿದೆ. ಹೋಗಲಿಲ್ಲ.
ಹಕ್ಕಿಯಲ್ಲ, ಬೂಷ್ಟಲ್ಲ.
ತುಲಾ ತಿಂಗಳ ದೇವರಕಾಡು, ಆರದ ನೆಲ;
ಇಂಬಳ ಕಿತ್ತ ಬೆರಳಿನಲ್ಲೇ ಕಾಗದ ಹಿಡಿದಿದ್ದಾನೆ.
ಬೇರೆಲ್ಲ ಬಣ್ಣ ಸೀಮೆಯಿಂದ ಬಂದದ್ದು,
ಇದೊಂದನ್ನು ನಮ್ಮ ಕಾಡು ಅವನಿಂದಲೇ ತೆಗೆಸಿತು.

ಮತ್ತೆ ಎಡಗಡೆ, ಕೆಳಗೆ, ಒಬ್ಬ.
ಅರ್ಧ ಇಂಚಿನವನು.
ಸೊಂಟಕ್ಕೆ ತುಂಡು ಬಟ್ಟೆ, ಕೈಯಲ್ಲಿ ಚೊಂಬು, ಮುಖವಿಲ್ಲ.
ಎರವನೋ, ಕುಡಿಯನೋ, ಮೇದನೋ,
ಕೇಳಿದವರಿಲ್ಲ, ಬರೆದುಕೊಂಡವರಿಲ್ಲ.
ಗುಡಿ ಎಷ್ಟೆತ್ತರ ಎಂದು ಕಡಲಾಚೆಯವರಿಗೆ ತಿಳಿಯಲಿ ಅಂತ
ನಿಲ್ಲಿಸಿದ್ದು.
ಬಾಗಿಲಿನ ಎತ್ತರ ಇವನಿಂದ ಗೊತ್ತಾಗುತ್ತದೆ,
ಇವನ ಎತ್ತರ ಯಾರಿಂದ?

ಚೊಂಬಿನ ನೀರು ಕುಂಚಕ್ಕೆ.
ಈ ಆಕಾಶ, ಈ ಕಂಬಗಳ ಬೂದಿ, ಆ ದೇವರ ಕಪ್ಪು ಕೂಡ
ಇವನು ತೊರೆಗಿಳಿದು ಹೊತ್ತು ತಂದದ್ದರಲ್ಲೇ
ಕರಗಿ ಹರಡಿದ್ದು.

ಟೇಪು ಹಿಡಿದೆ. ಹನ್ನೆರಡು ಹದಿನಾರಕ್ಕೆ ಮೌಂಟು ಕೊಯ್ದರೆ
ಸುತ್ತ ಒಂದಿಂಚು ಮುಚ್ಚುತ್ತದೆ.
ಬಂಡೆ ಉಳಿಯುತ್ತದೆ, ಗುಡಿ ಉಳಿಯುತ್ತದೆ.
ಹೋಗುವವನು ಇವನೇ.

ನಾನು ಐರಿ, ಅಳತೆ ನನ್ನ ಕುಲದ ಅನ್ನ.
ಗಿರಾಕಿ ಹೇಳಿದ ಲೆಕ್ಕಕ್ಕೆ ಅಪ್ಪ ಒಂದು ಗೆರೆ ಆಚೀಚೆ ಮಾಡಿದವನಲ್ಲ.
ಆದರೂ ಭೂತಗನ್ನಡಿ ಇಟ್ಟು ನೋಡಿದೆ.

ಬಂಡೆಯ ಮುಖಕ್ಕೆ ಬೆಳಗಿನ ಬಿಸಿಲು ಬಿದ್ದಿದೆ, ಎಳೆ ಹಳದಿ.
ಇವನ ನೆರಳು ಮಾತ್ರ ಬಂಡೆಯ ಕಡೆಗಿಲ್ಲ,
ಈಚೆಗೆ, ನಮ್ಮ ಕಡೆಗೆ, ಉದ್ದಕ್ಕೆ.
ಸಂಜೆಯ ನೆರಳು.
ಬೆಳಗ್ಗೆ ಬಂಡೆ ಬರೆದು, ಕಂಬ ಬರೆದು, ಊಟ ಮುಗಿಸಿ,
ಕೊನೆಗೆ ಇವನನ್ನು.
ಅಲ್ಲಿಯತನಕ ಇವನು ನಿಂತೇ ಇದ್ದ.
‘ಅಲ್ಲಾಡಬೇಡ’ ಅನ್ನುವುದು ಯಾವ ಭಾಷೆಯಲ್ಲಿ ಕೇಳಿಸಿತೋ.

ಬೀಟೆಯ ಪಟ್ಟಿ ಎರಡೆರಡು ಇಂಚು ಹೆಚ್ಚಿಗೆ ಕೊಯ್ದೆ.
ಕಿಟಕಿಗಳ ನಡುವೆ ಹಿಡಿಸುವುದಿಲ್ಲ,
ದೇಚಕ್ಕ ಬಯ್ಯುತ್ತಾಳೆ, ಬಯ್ಯಲಿ.
ಕಲೆಗೂ ಏನಾದರೊಂದು ಸುಳ್ಳು ಹುಡುಕಿಡಬೇಕು.

ನೆರಳು ಕಾಗದದ ಅಂಚಿನವರೆಗೂ ಬಂದು ತುಂಡಾಗಿದೆ.
ಅಲ್ಲಿಂದ ಮುಂದೆ ನನ್ನ ಮೇಜು:
ಮರದ ಹುಡಿ, ಅಂಟಿನ ಡಬ್ಬಿ,
ಮಧ್ಯಾಹ್ನ ಕುಡಿಯಲೆಂದಿಟ್ಟು ಮರೆತ
ಒಂದು ಚೊಂಬು ನೀರು.